ಲೇಡೀಸ್ ಪಲ್ಟನ್

ಫೆಬ್ರವರಿ 6
ಅದೇ ಹಳೇ ಅಮೆರಿಕನ್ ಕಾಮಿಡಿ ಸಿನಿಮಾ ಮತ್ತೆ ನೋಡಿದೆ. ಕಪ್ಪು-ಬಿಳುಪು. ಹೆಂಗಸರು ಮಿಲಿಟರಿ ಸೇರುತ್ತಾರೆ, ಅಳತೆ ಮೀರಿದ ಬೂಟು, ಪರೇಡಿನಲ್ಲಿ ಒಬ್ಬಳ ಮೇಲೊಬ್ಬಳು ದಬದಬ ಬೀಳುತ್ತಾರೆ. ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಇಂಥವು ಇನ್ನೂ ಐದಾರು ಇವೆ. ಎಲ್ಲದರಲ್ಲೂ ಅದೇ — ಹೆಣ್ಣು, ಯೂನಿಫಾರ್ಮು, ಬೀಳುವುದು. ನಮ್ಮ ಯೂಟ್ಯೂಬ್ ಚಾನೆಲ್ ಸತ್ತು ಮಲಗಿದೆ. ಇದನ್ನೇ ನಮ್ಮೂರು ಕನ್ನೊಳ್ಳಿಯ ಭಾಷೆಯಲ್ಲಿ ಮಾಡಿದರೆ... ಹೀರೋಯಿನ್ ಮನೆಯಲ್ಲೇ ಇದ್ದಾಳೆ. ತಂಗಿ ಕಾವೇರಿ ಮಿಲಿಟರಿ ಭರ್ತಿಗೆಂದು ದಿನಾ ಬೆಳಿಗ್ಗೆ ಸಿಂದಗಿ ರೋಡಿನಲ್ಲಿ ಓಡುತ್ತಾಳೆ.

ಫೆಬ್ರವರಿ 7
ಕೇಳಿದೆ. ಮುಖ ಸಿಂಡರಿಸಿದಳು.
"ಮುಂದಿನ ವಾರ ಬೆಳಗಾವ್ಯಾಗ ಭರ್ತಿ ಐತಿ. ನನಗ ಈ ನಗಿ-ಚಾಷ್ಟಿ ಬ್ಯಾಡ."
"ಅಲ್ಲಿಗೆ ಕರಕೊಂಡ ಹೋಗಾವ್ರು ಯಾರು? ಅಪ್ಪ ಅಂತೂ ಒಲ್ಲೆ ಅಂದಾನ."
ವಿಡಿಯೋದಲ್ಲಿ ಮಾಡಿದರೆ ನಾನೇ ಕರೆದೊಯ್ಯುತ್ತೇನೆ ಎಂದೆ. ಈ ಸಲ ಆಗದಿದ್ದರೆ ಮದುವೆ ಎಂದು ಅಪ್ಪ ಹೇಳಿಯಾಗಿದೆ. ಒಪ್ಪದೆ ಎಲ್ಲಿ ಹೋಗುತ್ತಾಳೆ.

ಫೆಬ್ರವರಿ 9, ಬೆಳಿಗ್ಗೆ
ಶೂಟಿಂಗ್. ರಿಟೈರ್ಡ್ ಸುಬೇದಾರ್ ಗೈಬುಸಾಬರ ಬೂಟು ತಂದೆ. ದೊಡ್ಡದು. ಅರಿವೆ ತುರುಕಿ ಹಾಕಿಕೊಂಡಳು. ಟೇಕ್ ಒಂದು — ಚೆಂದ ಓಡಿದಳು. ಟೇಕ್ ಎರಡು — ಇನ್ನೂ ಚೆಂದ. ಥೂ. ಚೆಂದ ಓಡಿದರೆ ಯಾರು ನಗುತ್ತಾರೆ? ಬೂಟು ಬಿಚ್ಚಿಟ್ಟು ನೀರು ಕುಡಿಯಲು ಹೋದಳು. ಬಲಗಾಲಿನದರ ಅರಿವೆ ಕಿತ್ತೆ.
"ಸಡ್ಲ ಆಗೇತಲ್ಲೊ ಅಣ್ಣಾ."
"ಒಂದ ಶಾಟ್. ಓಡು."
ಆಹಾ, ಏನು ಬಿದ್ದಳು. ಫಸ್ಟ್ ಕ್ಲಾಸ್. ಕಟ್ ಅನ್ನಲಿಲ್ಲ, ಅಳುವುದೂ ಸಿಕ್ಕಿತು. ಅದಕ್ಕೆ ಕತ್ತೆ ಸೌಂಡ್ ಹಾಕಬೇಕು.

ಫೆಬ್ರವರಿ 10
ಅವಳ ಪಾದ ಬಾತಿದೆ. ವಿಡಿಯೋ ಓಡುತ್ತಿದೆ — ಇಂಡಿ, ಮುದ್ದೇಬಿಹಾಳ, ಎಲ್ಲ ಗ್ರೂಪಿನಲ್ಲೂ.

ಫೆಬ್ರವರಿ 17
ಭರ್ತಿ ಮುಗಿಯಿತು. ಇವಳು ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಾಳೆ. ನನ್ನ ಜೊತೆ ಮಾತಿಲ್ಲ. ಸ್ವಲ್ಪ ಕೆಟ್ಟೆನಿಸಿತು. ಆಮೇಲೆ ಕಾಮೆಂಟ್ಸ್ ಓದಿದೆ, ಸರಿಹೋಯಿತು.

ಮಾರ್ಚ್ 21
ಹೂವಿನ ಹಿಪ್ಪರಗಿಯಿಂದ ಕನ್ಯಾ ನೋಡಲು ಬಂದಿದ್ದರು. ಚೂಡಾ, ಚಹಾ ಆಯಿತು. ಕಾವೇರಿ ಸೀರೆ ಉಟ್ಟು ಮಣೆಯ ಮೇಲೆ ಕೂತಳು. ಹೆಸರು ಕೇಳಿದರು, ಓದು ಕೇಳಿದರು. ಇನ್ನು ನಡೆಸಿ ನೋಡಬೇಕು. ಕುಂಟಿದರೆ ಗತಿಯೇನೆಂದು ಅವ್ವನಿಗೆ ಜೀವ ಬಾಯಿಗೆ ಬಂದಿತ್ತು. ಹುಡುಗನ ತಾಯಿ ರೇವವ್ವ ಸೆರಗು ಬಾಯಿಗೆ ಹಿಡಿದು ನಗತೊಡಗಿದಳು.
"ನಡಿಯೋದು ಬಿಡವಾ. ಮೊಬೈಲ್ದಾಗ ಬಿದ್ದಿಯಲ್ಲ, ಹಂಗ ಬಿದ್ದು ತೋರಸು. ಅದನ್ನ ನೋಡಾಕಂತನ ಎಲ್ಲಾರೂ ಬಂದೇವಿ."
ಎಲ್ಲರೂ ನಕ್ಕರು. ಅಪ್ಪನೂ. "ತೋರಸವಾ, ದೊಡ್ಡವ್ರು ಕೇಳಾಕತ್ತಾರ."
ಕಾವೇರಿ ಎದ್ದಳು. ನೆರಿಗೆ ಎತ್ತಿ ಸಿಕ್ಕಿಸಿಕೊಂಡಳು. ಶೂಟಿಂಗ್ ಆದ ಮೇಲೆ ಮೊದಲ ಸಲ ನನ್ನ ಮುಖ ನೋಡಿದಳು.
"ಆ್ಯಕ್ಷನ್ ಅನ್ನೊ ಅಣ್ಣಾ."
ನಾಚಿಕೆಯಾಯಿತು, ಹೆದರಿಕೆಯೂ. ಹುಡುಗ ಮೊಬೈಲ್ ತೆಗೆದು ಹಿಡಿದಿದ್ದ. ಎಲ್ಲರೂ ಕಾಯುತ್ತಿದ್ದರು.
ಅಂದೆ. ಅವಳು ಬೀಳಲಿಲ್ಲ, ಕುಂಟುತ್ತಲೇ ಹೊಸ್ತಿಲು ದಾಟಿ ಸಿಂದಗಿ ರೋಡಿನತ್ತ ಓಡಿದಳು.