ಅತ್ತೆಯ ಕೋಣೆಯ ಕಿಟಕಿ

ಅಟ್‌ಬಾಶಿ,
ಅಕ್ಟೋಬರ್ ೨೬, ಶುಕ್ರವಾರ

ಪ್ರೀತಿಯ ಅಪಾ,

ಮೊಣಕಾಲು ಹೇಗಿದೆ? ಕೆಮ್ಮು? ಚೆನ್ನಾಗಿದ್ದೇನೆ ಅಂತ ಮಾತ್ರ ಹೇಳಬೇಡಿ; ದೊಡ್ಡ ಮಗ ಪಕ್ಕದಲ್ಲಿ ಕೂತಿದ್ದಾಗಲೇ ನೀವು ಫೋನಿನಲ್ಲಿ ಚೆನ್ನಾಗಿರುವುದು ಎಂದು ಈ ಸೊಸೆಗೆ ಗೊತ್ತು. ಇಲ್ಲಿ ಎಲ್ಲರೂ ಕ್ಷೇಮ. ನಿಮ್ಮ ಕಿರಿಮಗ, ಅಂದರೆ ನಮ್ಮನೆಯವರು, ಬೆಟ್ಟದಿಂದ ಕುರಿ ಇಳಿಸಿಕೊಂಡು ಬಂದು ಎರಡು ದಿನ ಮಲಗಿ, ಮೂರನೇ ದಿನ ಏಣಿ ಹಿಡಿದು ನಿಂತರು. ಹತ್ತಿದ್ದು ನಾನೇ.

ಭಾವನವರು ಮೊನ್ನೆ ಫೋನಿನಲ್ಲಿ ಮತ್ತೆ ಹೇಳಿದರು: “ಅಮ್ಮನ್ನ ಆ ಗಾಳಿಗೂಡಿಗೆ ಕಳಿಸಲ್ಲ. ಈ ಚಳಿಗಾಲ ಅಲ್ಲ, ಇನ್ಯಾವ ಚಳಿಗಾಲಾನೂ.” ಕಳೆದ ವರ್ಷ ನಿಮ್ಮ ಕೋಣೆಯ ಕಿಟಕಿಯ ಸಂದು ಮುಚ್ಚುವುದನ್ನು ನಾಳೆ ನಾಳೆ ಎಂದು ಡಿಸೆಂಬರ್‌ವರೆಗೆ ಬಿಟ್ಟವಳು ನಾನು, ನಿಮಗೆ ಎದೆ ಕಟ್ಟಿದ್ದು ಅದರಿಂದಲೇ. ಒಪ್ಪಿದೆ. ಆದರೆ ತಪ್ಪು ನನ್ನದಾದ ಮೇಲೆ ಬಿಷ್ಕೆಕ್ ನಗರದಲ್ಲಿ, ಅವರ ಏಳನೇ ಮಹಡಿಯ ಮನೆಯಲ್ಲಿ ನಿಮ್ಮನ್ನೇಕೆ ಕೂಡಿಹಾಕುವುದು? ಸೊಸೆಯಾದವಳು ಭಾವನ ಹೆಸರು ಬಾಯಲ್ಲಿ ಆಡಬಾರದು, ಸರಿ. ಬರೆಯಬಾರದೆಂದು ಯಾರೂ ಹೇಳಿಲ್ಲ. ಜಾನಿಶ್. ಜಾನಿಶ್. ನೋಡಿ, ಆಕಾಶವೇನೂ ಕಳಚಿ ಬೀಳಲಿಲ್ಲ.

ಹರಿದ ಹಾಸಿಗೆಯ ಹತ್ತಿಯನ್ನು ಬತ್ತಿಯಂತೆ ಹೊಸೆದು, ಮೊಂಡು ಚಾಕುವಿನಿಂದ ಚೌಕಟ್ಟಿನ ಸಂದುಸಂದಿಗೂ ತುರುಕಿದೆ. ಅದರ ಮೇಲೆ ಕಾಗದದ ಪಟ್ಟಿ. ಮದುವೆಯಾದ ವರ್ಷ ನಾನು ಮೈದಾ ಅಂಟು ಕಾಸಿದಾಗ ನೀವು, “ಮಗಳೇ, ಕಿಟಕಿಗೂ ಊಟ ಹಾಕ್ತೀಯಾ? ಹಂಗಾದ್ರೆ ಇಲಿಗಳನ್ನೂ ಕರಿ, ಪಂಕ್ತೀಲಿ ಕೂತು ತಿನ್ಲಿ” ಅಂದಿರಲ್ಲ, ಅಂದಿನಿಂದ ಬಟ್ಟೆ ಸೋಪೇ. ಒದ್ದೆ ಕಾಗದಕ್ಕೆ ಸೋಪು ತಿಕ್ಕಿ ಅಂಗೈಯಲ್ಲಿ ಒತ್ತಿದೆ. ಮೊದಲು ಚುನಾವಣೆಯ ಪೋಸ್ಟರು ಕತ್ತರಿಸಿ ನೋಡಿದೆ. ಎಷ್ಟು ಒತ್ತಿದರೂ ಹುರಿಯಾಳುಗಳು ಒಂದು ಕಡೆ ಅಂಟಿ ನಿಲ್ಲಲಿಲ್ಲ. ಹಳೆಯ ಪತ್ರಿಕೆ ನಿಂತಿತು. ಸೋಪು ಅರ್ಧ ಉಳಿದಿದೆ, ಕೋಪ ಪೂರ್ತಿ ಉಳಿದಿದೆ.

ಆಮೇಲೆ ಮೇಣದಬತ್ತಿ ಹಚ್ಚಿ ಕಿಟಕಿಯ ಸುತ್ತಲೂ ಹಿಡಿದೆ. ಉರಿ ಅಲುಗಲಿಲ್ಲ. ನಮ್ಮನೆಯವರು ನಂಬದೆ ತಾವೇ ಬಗ್ಗಿ ನೋಡಿ, ಮೀಸೆಯ ತುದಿ ಸುಟ್ಟುಕೊಂಡು, ನಂಬಿದರು. ಹೊರಗೆ ಗಾಳಿಯ ಗೋಳು, ಒಳಗೆ ಒಲೆಯ ಬಾಳು. ಮೇಲಿನ ಪುಟ್ಟ ಕಿಂಡಿಯೊಂದನ್ನು ಮಾತ್ರ ಅಂಟಿಸಿಲ್ಲ. ಬೆಳಿಗ್ಗೆ ಅದನ್ನು ತೆಗೆದು ಪಕ್ಕದ ಮನೆಯ ನಾಯಿಗೆ ನಾಲ್ಕು ಬೈಯದಿದ್ದರೆ ನಿಮಗೆ ಉಸಿರಾಡಿದ ಹಾಗಾಗುವುದಿಲ್ಲವಲ್ಲ. “ಇಲ್ಲಿ ಕಿಟಕಿ ಇದೆ ಕಣೇ, ತೆಗೆಯಂಗಿಲ್ಲ. ನನ್ನನ್ನ ಮೀನಿನ ಡಬ್ಬೀಲಿ ಹಾಕಿಟ್ಟಂಗಿದೆ. ಮನೆಗೆ ಬರಬೇಕು” ಅಂತ ನೀವು ಅಲ್ಲಿಂದ ಫೋನಿನಲ್ಲಿ ಪಿಸುಗುಟ್ಟಿದ್ದು ಇನ್ನೂ ಕಿವಿಯಲ್ಲಿದೆ.

ಮೊಮ್ಮಕ್ಕಳಿಗೆ ಮುತ್ತು. ನಿಮ್ಮ ಕೈ ನನ್ನ ತಲೆಯ ಮೇಲಿರಲಿ, ಮೊಟಕುವುದಕ್ಕಾದರೂ.

ನಿಮ್ಮ ಸೊಸೆ,
ಜಿಪಾರ್

ಮರೆತಿದ್ದೆ: ಈ ಪತ್ರ ತಂದುಕೊಟ್ಟ ನಮ್ಮೂರ ಡ್ರೈವರ್ ಕೆರಿಮ್‌ಕುಲ್ ಎಲ್ಲೂ ಹೋಗಿಲ್ಲ, ಕೆಳಗೆ ಬಿಳಿ ಕಾರಿನಲ್ಲಿ ಕಾಯುತ್ತಿದ್ದಾನೆ. ಮುಂದಿನ ಸೀಟು ನಿಮ್ಮದು, ಕಂಬಳಿ ಇಡಿಸಿದ್ದೇನೆ. ಮನಸ್ಸು ಬದಲಾಗಿರದಿದ್ದರೆ ಚೀಲಗೀಲ ಕಟ್ಟಬೇಡಿ, ಔಷಧಿ ಮಾತ್ರ ಜೇಬಿಗೆ ಹಾಕಿಕೊಳ್ಳಿ. ಯಾರಾದರೂ ಕೇಳಿದರೆ ರೊಟ್ಟಿ ತರೋಕೆ ಹೋಗ್ತೀನಿ ಅನ್ನಿ. ಸುಳ್ಳೇನಲ್ಲ, ಇಲ್ಲಿ ಹಿಟ್ಟು ಕಲಸಿದ್ದೇನೆ. ಭಾವನವರಿಗೆ ಫೋನು ನಾನೇ ಮಾಡುತ್ತೇನೆ, ನೀವು ನಮ್ಮ ಕಡೆಗೆ ದೊಲೋನ್ ಘಟ್ಟ ದಾಟಿದ ಮೇಲೆ.