ಎರಡು ಎಡತೋಳು

ಅಂಗಡಿಯಿಂದ,
ಭಾನುವಾರ, ಮಾರ್ಚ್ ೯

ಪ್ರೀತಿಯ ಅಪ್ಪಾ,

ತೀರ್ಥರೂಪ, ಸಾಷ್ಟಾಂಗ ಎಂದೆಲ್ಲ ಬರೆಯುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಯಾರೂ ಯಾರ ಕಾಲಿಗೂ ಬೀಳಬಾರದು ಎಂಬ ಮಾತಿನಲ್ಲಿ ನನಗೆ ಈಗಲೂ ಪೂರ್ತಿ ನಂಬಿಕೆ. ಆದ್ದರಿಂದ ನಿಂತುಕೊಂಡೇ ನಮಸ್ಕಾರ. ಹೇಗಿದ್ದೀಯ? ಹಡಗಿನ ಆ ಕಬ್ಬಿಣದ ಮೆಟ್ಟಿಲು ಹತ್ತಿ ಇಳಿದು ನಿನ್ನ ಎಡಮಂಡಿ ಏನಾಗಿದೆಯೋ. ಹೊಸ ಕನ್ನಡಕ ಮಾಡಿಸಿಕೊಂಡೆಯೋ, ಇಲ್ಲ ಹಳೆಯದರ ಮುರಿದ ಕಡ್ಡಿಗೆ ನೂಲು ಸುತ್ತಿಕೊಂಡೇ ನಾವಿಕರ ಪ್ಯಾಂಟಿಗೆ ತೇಪೆ ಹಾಕುತ್ತಿದ್ದೀಯೋ? ಅಮ್ಮ ಕೇಳಲು ಹೇಳಿದ್ದು ಒಂದೇ: ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಾ, ಇಲ್ಲ "ಇದೊಂದು ಹೊಲಿಗೆ ಮುಗಿಸಿ ಬಂದೆ" ಎಂದು ಹೇಳಿ ತಣ್ಣಗಾದದ್ದನ್ನು ತಿನ್ನುತ್ತೀಯಾ? ಉತ್ತರ ಅವಳಿಗೆ ಗೊತ್ತು. ಆದರೂ ಬರೆ. ನಾವಿಬ್ಬರೂ ಚೆನ್ನಾಗಿದ್ದೇವೆ. ಅಮ್ಮ ಸ್ವಲ್ಪ ಇಳಿದಿದ್ದಾಳೆ, ಕಾಯಿಲೆ ಏನೂ ಇಲ್ಲ.

ಮೇಲೆ "ಅಂಗಡಿಯಿಂದ" ಎಂದು ಬರೆದದ್ದನ್ನು ನೋಡಿ ನಿನ್ನ ಹುಬ್ಬು ಹಣೆಗೇರಿರಬೇಕು. ಹೇಳುತ್ತೇನೆ, ಸಮಾಧಾನವಾಗಿ ಓದು. ಹೊಲಿಸಿಕೊಳ್ಳುವವರೇ ಇಲ್ಲದ ಮೇಲೆ ದರ್ಜಿಗೆ ಅಂಗಡಿ ಯಾಕೆ, ಮಾರ್ಚ್ ಕೊನೆಗೆ ಖಾಲಿ ಮಾಡಿ ಕೀಲಿಯನ್ನು ಮೇಲಿನ ಮನೆಯ ಒಡತಿ ಮಹಡಿಯಮ್ಮನಿಗೆ ಒಪ್ಪಿಸಿಬಿಡು, ಮಷಿನ್ನು, ಬೀರು, ಗುಂಡಿ, ಲೇಸು ಎಲ್ಲ ಯಾರಿಗೆ ಬೇಕೋ ಅವರಿಗೆ ಕೊಡು, ಹಡಗಿನವರು ಇನ್ನೆರಡು ವರ್ಷಕ್ಕೆ ಸಹಿ ಕೇಳುತ್ತಿದ್ದಾರೆ, ಆಗ ಸಿಗುವ ಬಂದರಿನಲ್ಲಿ ಹಾಕಿಬಿಡುತ್ತೇನೆ ಎಂದು ಚಳಿಗಾಲದ ಮೊದಲಲ್ಲಿ ನೀನು ಬರೆದಿದ್ದೆ. ಆ ಪತ್ರವನ್ನು ಓದಿ ಅಮ್ಮ ಎದ್ದು ಹೋಗಿ ಒಗೆದಿದ್ದ ಬಟ್ಟೆಯನ್ನೇ ಮತ್ತೆ ನೆನೆಹಾಕಿದಳು. ನಾನು ಮಾತ್ರ ನಿನ್ನ ಮಾತು ಸರಿ ಎಂದೆ. ಹಳೆಯ ವಸ್ತುಗಳನ್ನು ತಬ್ಬಿಕೊಂಡು ಕೂರುವುದು ದುಡಿಯುವವರಿಗೆ ಒಪ್ಪುವ ಕೆಲಸವಲ್ಲ ಎಂದು ನಾನೇ ಎಷ್ಟು ಸಲ ಭಾಷಣ ಬಿಗಿದಿಲ್ಲ? ಕೈಯಿಂದ ಉಡುಗೊರೆ ಮಾಡುವುದು ಬಿಡುವಿರುವವರ ಚಟ ಎಂದೂ ಹೇಳುತ್ತಿದ್ದೆ. ಒಂದೆರಡು ರಜೆಯ ದಿನ ಕೂತರೆ ಎಲ್ಲ ಮುಗಿಯುತ್ತದೆ ಎಂದುಕೊಂಡು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಗೋಣಿಚೀಲ ಹಿಡಿದು ಬಂದೆ.

ಬಾಗಿಲು ತೆರೆಯಲು ಭುಜ ಕೊಟ್ಟು ತಳ್ಳಬೇಕಾಯಿತು. ಒಳಗೆ ನಿನ್ನ ವಾಸನೆಯೇ: ಮಷಿನ್ನಿನ ಎಣ್ಣೆ, ಇಸ್ತ್ರಿಯ ಬಿಸಿಗೆ ಸ್ವಲ್ಪ ಕಂದಿದ ಹತ್ತಿ, ಸುಣ್ಣದಕಡ್ಡಿಯ ಪುಡಿ. ನಾನು ಗಟ್ಟಿಗಿತ್ತಿ, ನಿನಗೆ ಗೊತ್ತಲ್ಲ, ಮೂಗು ಒರೆಸಿಕೊಂಡು ನೇರವಾಗಿ ಬೀರುವಿಗೆ ಕೈ ಹಾಕಿದೆ. ಮರದ ರೀಲುಗಳು, ಮೇಲಿನ ಕಾಗದದಲ್ಲಿ ಬಣ್ಣದ ಸಂಖ್ಯೆ ಮಾಸಿದೆ, ನೂಲು ಮಾತ್ರ ಇನ್ನೂ ಹೊಳೆಯುತ್ತಿದೆ. ನೀಲಿ ಕಾಗದದಲ್ಲಿ ಸುತ್ತಿಟ್ಟ ಲೇಸು, ನಿನ್ನ ಅಪ್ಪನ ಕಾಲದ್ದಂತೆ. ರಟ್ಟಿಗೆ ಸಾಲಾಗಿ ಹೊಲಿದಿಟ್ಟ ಚಿಪ್ಪಿನ ಗುಂಡಿಗಳು. ಹುಕ್ಕಿನ ಪೊಟ್ಟಣ. ಗುಂಡಿಗಳನ್ನು ಚೀಲಕ್ಕೆ ಸುರಿಯುವ ಮುಂಚೆ ಸುಮ್ಮನೆ ಒಂದು ಹಿಡಿ ಮೇಜಿನ ಮೇಲೆ ಹರಡಿದೆ. ಕೊಂಬಿನದು ಒಂದು ಕಡೆ, ಚಿಪ್ಪಿನದು ಒಂದು ಕಡೆ, ಗಾಜಿನದು ಇನ್ನೊಂದು ಕಡೆ. ತಲೆ ಎತ್ತಿದಾಗ ಕಿಟಕಿಯ ಬಿಸಿಲು ಎದುರಿನ ಗೋಡೆಗೆ ಹೋಗಿತ್ತು. ಊಟ ಮರೆತಿದ್ದೆ. ಬೈಯಬೇಡ, ಯಾರ ಮಗಳು ನಾನು?

ಒಂದು ವಿಷಯ ಹೇಳಲೇಬೇಕು. ನಾನು ಓದಿದ ಕಾರ್ಮಿಕ ಸಂಘದ ಕರಪತ್ರಗಳಲ್ಲಿ ದುಡಿಮೆಯ ಬಗ್ಗೆ ಪುಟಗಟ್ಟಲೆ ಇದೆ. ಸಂತೋಷ ಬರುವುದು ಕೊನೆಯ ಪುಟದಲ್ಲಿ, ಅದೂ ಮುಂದೆ ಯಾವಾಗಲೋ, ಎಲ್ಲ ಸರಿಹೋದ ಮೇಲೆ. ನಿನ್ನ ಕಾಲುಮಷಿನ್ನಿಗೆ ಎಣ್ಣೆ ಬಿಟ್ಟು, ಒಂದು ಚಿಂದಿಯ ಮೇಲೆ ಸುಮ್ಮನೆ ಒಂದು ಗೆರೆ ಹೊಲಿದಾಗ ನನಗೆ ಆ ಕೊನೆಯ ಪುಟ ನೆನಪಾಯಿತು. ನಮ್ಮ ಸಿದ್ಧ ಉಡುಪಿನ ಕಾರ್ಖಾನೆಯ ಮಷಿನ್ನು ತನ್ನ ವೇಗಕ್ಕೆ ನನ್ನನ್ನು ಎಳೆದುಕೊಂಡು ಹೋಗುತ್ತದೆ. ಇದು ನಾನು ತುಳಿದಷ್ಟೇ ಓಡುತ್ತದೆ, ನಾನು ಯೋಚಿಸಲು ನಿಂತರೆ ತಾನೂ ನಿಲ್ಲುತ್ತದೆ. ಇದನ್ನು ಯಾರೂ ಬರೆದಿಲ್ಲವಲ್ಲ ಎಂದು ಸಿಟ್ಟು ಬಂತು. ನಾನೇ ಬರೆಯುತ್ತೇನೆ ಒಂದು ದಿನ, ನೋಡುತ್ತಿರು.

ಕಾರ್ಖಾನೆಯ ನಮ್ಮ ಹೊಲಿಗೆ ಲೈನಿನಲ್ಲಿ ಒಬ್ಬರನ್ನೊಬ್ಬರು ಹೊಲಿಯುವ ಭಾಗದಿಂದಲೇ ಕರೆಯುವುದು ಎಂದು ನಿನಗೆ ಹೇಳಿದ್ದೆ. ನಾನು ಎಡತೋಳು. ನನ್ನ ಮುಂದೆ ಕೂರುವವಳು ಕಾಲರ್. ಬೆನ್ನ ಹಿಂದೆ ಕೂರುವ ಹಿರಿಯ ಹೆಂಗಸು ಬಲತೋಳಕ್ಕ. ಮನುಷ್ಯರನ್ನು ಬಟ್ಟೆಯ ಚೂರಿನ ಹೆಸರಿನಿಂದ ಕರೆಯುವುದು ಅವಮಾನ ಎಂದು ನಾನೊಮ್ಮೆ ಊಟದ ಹೊತ್ತಿನಲ್ಲಿ ಎದ್ದು ನಿಂತು ಮಾತಾಡಿದ್ದೆ. ಕಾಲರ್ ಕೇಳಿಸಿಕೊಂಡು, "ಆಯ್ತು ಎಡತೋಳೇ, ಕೂತ್ಕೊಂಡು ಉಣ್ಣು, ಗಂಟೆ ಹೊಡೀತಾರೆ" ಎಂದಳು. ಅದೇ ಕಾಲರ್‌ಗೆ ಚಳಿಗಾಲದಲ್ಲಿ ಮಗಳು ಹುಟ್ಟಿದಳು. ಎಲ್ಲರೂ ಸೇರಿ ಏನಾದರೂ ಸಿದ್ಧ ಉಡುಪು ಕೊಂಡುಕೊಡೋಣ ಎಂದು ಮಾತಾಯಿತು. ನನ್ನ ಕಣ್ಣ ಮುಂದೆ ನಿನ್ನ ಬೀರುವಿನ ಅತಿ ಸಣ್ಣ ಚಿಪ್ಪಿನ ಗುಂಡಿಗಳು ಬಂದವು. ಅಷ್ಟು ಸಣ್ಣ ಗುಂಡಿಗೆ ಅಷ್ಟೇ ಸಣ್ಣ ಮನುಷ್ಯಜೀವ ಬೇಕು ತಾನೇ? ನಾನೇ ಹೊಲಿಯುತ್ತೇನೆ ಎಂದುಬಿಟ್ಟೆ.

ಕೆಳಗಿನ ಖಾನೆಯಲ್ಲಿ ನಾನು ಮಗುವಾಗಿದ್ದಾಗಿನ ಕೋಟು ಇಟ್ಟಿದ್ದೀಯಲ್ಲ, ಅದರ ಮೈಯನ್ನು ಹಾಗೇ ಹಾಸಿ, ತೋಳುಗಳಲ್ಲಿ ಎಡತೋಳನ್ನು ಮಾತ್ರ ಬಿಚ್ಚಿ, ಕಾಗದದ ಮೇಲಿಟ್ಟು ಆಕಾರ ಬರೆದುಕೊಂಡೆ. ಹೂವಿನ ಅಚ್ಚಿನ ಒಂದು ತುಂಡು ಬಟ್ಟೆ ಸಿಕ್ಕಿತು. ಕತ್ತರಿಸಿದೆ, ಜೋಡಿಸಿದೆ, ಅಂಚಿಗೆ ಆ ನೀಲಿ ಕಾಗದದ ಲೇಸು ಕೊಟ್ಟೆ, ಗುಂಡಿ ಹಚ್ಚಿದೆ. ಜೀವನದಲ್ಲಿ ಮೊದಲ ಸಲ ನಾನು ಒಂದು ಇಡೀ ಉಡುಪು ಹೊಲಿದೆ ಅಪ್ಪಾ. ಇಷ್ಟು ವರ್ಷ ಸಾವಿರಾರು ಅಂಗಿಗಳ ಎಡತೋಳು ಹೊಲಿದವಳು. ಎತ್ತಿ ಹಿಡಿದು ನೋಡಿದರೆ ಒಂದು ಕಡೆ ಭುಜ ಸರಿಯಾಗಿ ಕೂತಿದೆ, ಇನ್ನೊಂದು ಕಡೆ ಬಟ್ಟೆ ಹಿಂದಕ್ಕೆ ಎಳೆದು ಸೊಟ್ಟಗಾಗಿದೆ. ಬಿಚ್ಚಿದೆ, ಮತ್ತೆ ಹೊಲಿದೆ, ಮತ್ತೂ ಸೊಟ್ಟ. ಆಮೇಲೆ ಹೊಳೆಯಿತು. ಎರಡೂ ಎಡತೋಳು. ನೀನಾಗಿದ್ದರೆ ಬಟ್ಟೆಯನ್ನು ಮಡಿಚಿ ಎರಡು ಪದರ ಮಾಡಿ ಒಂದೇ ಸಲಕ್ಕೆ ಕತ್ತರಿಸುತ್ತಿದ್ದೆ, ಎಡಬಲ ತಾವಾಗಿಯೇ ಬರುತ್ತಿದ್ದವು. ನಾನು ಒಂದಾದ ಮೇಲೆ ಒಂದು, ಅದೇ ಕಾಗದ, ಅದೇ ಮಗ್ಗುಲು. ನನ್ನ ಕೈಗೆ ಗೊತ್ತಿದ್ದದ್ದು ಅಷ್ಟೇ. ಹೂವಿನ ಅಚ್ಚು ಒಂದೇ ಮುಖಕ್ಕಿದ್ದುದರಿಂದ ತಿರುವಿ ಹಾಕುವಂತೆಯೂ ಇರಲಿಲ್ಲ, ಬಟ್ಟೆಯೂ ಮುಗಿದಿತ್ತು. ಮಷಿನ್ನಿನ ಮೇಲೆ ತಲೆಯಿಟ್ಟು ಅತ್ತೆ. ಆಗ ನೀನು ಪಕ್ಕದಲ್ಲಿರಬೇಕಿತ್ತು. "ಬಟ್ಟೆ ಹೋದ್ರೆ ಹೋಯ್ತು, ಬೆರಳು ಇದೆಯಲ್ಲ" ಎಂದು ನೀನು ಹೇಳುವ ಹಾಗೆ ಹೇಳಲು ಅಲ್ಲಿ ಯಾರೂ ಇರಲಿಲ್ಲ.

ಕಾಲರ್‌ಗೆ ಹಾಗೇ ತೋರಿಸಿದೆ, ಮುಚ್ಚಿಡುವುದು ನನ್ನಿಂದಾಗದು. ಅವಳು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೋಟನ್ನು ಹಿಂದೆ ಮುಂದೆ ತಿರುಗಿಸಿ, "ಏನೇ, ನನ್ ಮಗಳಿಗೆ ಎರಡೂ ಎಡಗೈನೇ ಅಂದ್ಕೊಂಡ್ಯಾ?" ಎಂದಳು. ನಗು ತಡೆಯಲಾರದೆ ಮಗುವನ್ನು ನನ್ನ ಕೈಗೆ ಕೊಟ್ಟು ನಕ್ಕಳು. "ತೋಳು ಹಾಗಿರ್ಲಿ, ಈ ಕಾಲರ್ ನೋಡೋಕಾಗ್ತಿಲ್ಲ, ಸೂಜಿ ಕೊಡು" ಎಂದು ಮುಂದಿನ ಭಾನುವಾರ ಅಂಗಡಿಗೇ ಬಂದು ಕೂತಳು. ಹಿಂದೆಯೇ ಬಲತೋಳಕ್ಕ. ನಾನು ಬಿಸಾಡಲು ಇಟ್ಟಿದ್ದ ಗೀರುಬಟ್ಟೆಯ ಅಸ್ತರಿನ ಚೂರಿನಲ್ಲಿ ಆಕೆಯೇ ಬಲಗಡೆಯ ತೋಳು ಮಾಡಿದಳು. ಒಂದು ತೋಳು ಹೂವು, ಒಂದು ತೋಳು ಗೀರು. ಮಗು ಅದನ್ನು ಹಾಕಿಕೊಂಡು ಕಾರ್ಖಾನೆಯ ಗೇಟಿಗೆ ಬಂದ ದಿನ ಎಲ್ಲರೂ ಸುತ್ತುವರಿದರು. ಈಗ ನಮ್ಮ ಲೈನಿನ ಮಕ್ಕಳಿಗೆಲ್ಲ ಹಾಗೇ ಬೇಕಂತೆ. ಎರಡೂ ತೋಳು ಒಂದೇ ಬಣ್ಣ ಇದ್ದರೆ ಅದು ಅಂಗಡಿಯಲ್ಲಿ ಕೊಂಡದ್ದು, ಅದರಲ್ಲಿ ಏನಿದೆ ಎಂದು ಗುಂಡಿಯ ಕಾಜಾ ಹೊಲಿಯುವವಳ ಮಗ ಹಟ ಹಿಡಿದಿದ್ದಾನಂತೆ.

ಅಂದಿನಿಂದ ಭಾನುವಾರದ ಮಧ್ಯಾಹ್ನ ಇಲ್ಲಿ ಕೂರಲು ಜಾಗವಿಲ್ಲ. ಒಬ್ಬರು ತಮ್ಮ ತಾಯಿಗೆ ಕನ್ನಡಕದ ಚೀಲ, ಒಬ್ಬರು ತಂಗಿಯ ಮದುವೆಗೆ ಲೇಸಿನ ಕರವಸ್ತ್ರ. ಯಾರೋ ಒಂದು ಹಳೆಯ ಗುಂಡಿಯನ್ನು ಬೆಳಕಿಗೆ ಹಿಡಿದು, "ಇದನ್ನ ಹಾಕ್ಕೊಂಡು ಓಡಾಡಿದೋರು ಈಗ ಎಲ್ಲಿದಾರೋ" ಎನ್ನುತ್ತಾರೆ. ನನಗೆ ನಿನ್ನ ನೆನಪಾಗುತ್ತದೆ. ನನ್ನ ಗುಟ್ಟೊಂದು ಹೇಳಲೇ? ಇಷ್ಟು ಜನರ ನಡುವೆಯೂ ನಿನ್ನ ಎತ್ತರದ ಕುರ್ಚಿಯಲ್ಲಿ ಯಾರೂ ಕೂರದಂತೆ ಅದರ ಮೇಲೆ ಏನಾದರೂ ಇಟ್ಟುಬಿಡುತ್ತೇನೆ. ಒಬ್ಬರಿಗೆಂದು ಜಾಗ ಕಾಯ್ದಿರಿಸುವುದು ನನ್ನ ತತ್ವಕ್ಕೆ ವಿರುದ್ಧ. ಆದರೂ ಇಡುತ್ತೇನೆ.

ಈಗ ತೊಂದರೆಗೆ ಬರುತ್ತೇನೆ. ಈ ಕೋಣೆಯಲ್ಲಿ ಕಾಲರ್ ಇದೆ, ಜೇಬಿದೆ, ಕಾಜಾ ಇದೆ, ಎಡಬಲ ತೋಳುಗಳಿವೆ. ಕತ್ತರಿ ಹಾಕಲು ಬರುವವರು ಒಬ್ಬರೂ ಇಲ್ಲ. ಕಾರ್ಖಾನೆಯಲ್ಲಿ ಕತ್ತರಿಸುವುದು ಬೇರೆ ಕಟ್ಟಡದಲ್ಲಿ, ದೊಡ್ಡ ಯಂತ್ರದಿಂದ. ನಮ್ಮ ಕೈಗೆ ಬರುವುದು ಕಟ್ಟು ಕಟ್ಟಿದ ಚೂರುಗಳು. ಮಕ್ಕಳದ್ದಾದರೆ ಹಳೆಯದನ್ನು ಬಿಚ್ಚಿ ನೋಡಿ ಹೇಗೋ ಮಾಡುತ್ತೇವೆ. ದೊಡ್ಡವರ ಮೈ ಹಾಗಲ್ಲವಲ್ಲ. ಬಲತೋಳಕ್ಕನ ಗಂಡನಿಗೆ ಒಂದು ಭುಜ ತಗ್ಗು, ಭಾರ ಹೊತ್ತು ಹಾಗಾಗಿದೆ, ಸಿದ್ಧ ಉಡುಪು ಯಾವುದೂ ಮೈಗೆ ಕೂರುವುದಿಲ್ಲ. ಅವನಿಗೊಂದು ಕೋಟು ಆಗಬೇಕೆಂದು ಆಕೆ ಒಳ್ಳೆಯ ಉಣ್ಣೆಬಟ್ಟೆ ತಂದಳು. ನಾನು ಅಳತೆ ತೆಗೆದೆ, ಸುಣ್ಣದಕಡ್ಡಿಯಲ್ಲಿ ಗೆರೆ ಎಳೆದೆ, ಎಲ್ಲರೂ ಸುತ್ತ ನಿಂತರು, ನಾನು ಕತ್ತರಿ ಹಾಕಿದೆ. ತಗ್ಗು ಭುಜದ ಕಡೆ ಬಿಡಬೇಕಾದದ್ದನ್ನು ಎತ್ತರದ ಕಡೆ ಬಿಟ್ಟೆ. ಬಟ್ಟೆ ಹಾಳಾಯಿತು. ಆಕೆ ಬೈಯಲಿಲ್ಲ. ಚೂರುಗಳನ್ನು ಒಂದೊಂದಾಗಿ ನೇರ ಮಾಡಿ ಮಡಿಚಿ, "ನಿಮ್ಮಪ್ಪ ಬರೋದು ಯಾವಾಗಮ್ಮ?" ಎಂದು ಕೇಳಿದಳು. ಈಗ ಪ್ರತಿ ಭಾನುವಾರ ಯಾರಾದರೊಬ್ಬರು ಅದನ್ನೇ ಕೇಳುತ್ತಾರೆ. ನಾನು ಸೂಜಿಗೆ ನೂಲು ಪೋಣಿಸುವ ನೆಪ ಮಾಡಿಕೊಂಡು ತಲೆ ಬಗ್ಗಿಸುತ್ತೇನೆ.

ನೀನು ಕತ್ತರಿಸುವ ಮುಂಚೆ ಅಂಗೈಯನ್ನು ಬಟ್ಟೆಯ ಮೇಲಿಟ್ಟು ಸುಮ್ಮನೆ ನಿಲ್ಲುತ್ತಿದ್ದೆ. "ಈಗ ಉಸಿರು ಬಿಡ್ಬೇಡ ಪುಟ್ಟಿ" ಎನ್ನುತ್ತಿದ್ದೆ. ಮೇಜಿನ ಅಂಚಿಗೆ ಗಲ್ಲವಿಟ್ಟು ನಾನು ಕೆನ್ನೆ ಉಬ್ಬಿಸಿಕೊಂಡು ನಿಲ್ಲುತ್ತಿದ್ದೆ. ಆ ಹೊತ್ತಿನಲ್ಲಿ ನೀನು ಏನು ನೋಡುತ್ತಿದ್ದೆ ಎಂದು ಒಮ್ಮೆಯೂ ಕೇಳಲಿಲ್ಲ. ಮೊನ್ನೆ ನಾನೂ ಹಾಗೇ ಅಂಗೈ ಇಟ್ಟು ನಿಂತೆ. ನನಗೆ ಬರೀ ಬಟ್ಟೆ ಕಂಡಿತು. ಇದನ್ನು ಪತ್ರದಲ್ಲಿ ಬರೆದು ಕಲಿಸಲು ಆಗುವುದಿಲ್ಲ, ಯತ್ನಿಸಬೇಡ.

ಅಮ್ಮನೂ ಬರುತ್ತಾಳೆ. ಚಹಾದ ಪಾತ್ರೆ ತಂದು, ಗಿರಾಕಿಗಳ ಬೆಂಚಿನ ತುದಿಯಲ್ಲಿ ಗಿರಾಕಿಯ ಹಾಗೆ ಕೂರುತ್ತಾಳೆ. ನೀನು ಹೋದಾಗಿನಿಂದ ಒಂದು ರವಿಕೆಯನ್ನೂ ಹೊಲಿಸಿಕೊಂಡಿಲ್ಲ. ಬಟ್ಟೆ ಮಾತ್ರ ಆಗಾಗ ತರುತ್ತಾಳೆ, ಪೆಟ್ಟಿಗೆಯಲ್ಲಿ ಮಡಿಚಿಡುತ್ತಾಳೆ. ಹಳೆಯ ರವಿಕೆಗಳು ಈಗ ದೊಗಲೆ, ಒಳಗಡೆ ಪಿನ್ನು ಚುಚ್ಚಿಕೊಂಡು ಹಾಕುತ್ತಾಳೆ. "ಕೊಡಿ ಅಮ್ಮ, ಪಿನ್ನು ಯಾಕೆ, ನಾನೇ ಎರಡು ಹೊಲಿಗೆ ಹಾಕ್ತೀನಿ" ಎಂದು ಕಾಲರ್ ಕೈ ಚಾಚಿದಳು. "ಬೇಡಮ್ಮ, ಅಳತೆ ಗೊತ್ತಿರೋರು ಬರ್ಲಿ" ಎಂದಳು ಅಮ್ಮ. ಆಮೇಲೆ ತನಗೇ ಎಂಬಂತೆ, "ಆ ಅಳತೆ ಈಗ ಎಲ್ಲಿದೆ" ಎಂದು ಸೇರಿಸಿದಳು. ಇದನ್ನು ನಾನು ಬರೆದೆ ಎಂದು ಅವಳಿಗೆ ತಿಳಿಸಬೇಡ.

ಹೊಲಿಸಿಕೊಳ್ಳುವವರೇ ಇಲ್ಲ ಎಂದು ಬರೆದಿದ್ದೆಯಲ್ಲ, ಉತ್ತರ ಇಷ್ಟು. ವಾದ ಮಾಡಿ ಗೆಲ್ಲಬೇಕೆಂದು ಶುರು ಮಾಡಿದೆ, ಮಧ್ಯದಲ್ಲೆಲ್ಲೋ ವಾದ ಕೈಬಿಟ್ಟುಹೋಯಿತು. ಇದರ ಜೊತೆ ಹಡಗಿನ ಅಡಿಗೆಯವರಿಗೆ ಒಂದು ಬಿಸಿಪಾತ್ರೆ ಹಿಡಿಯುವ ದಪ್ಪ ಬಟ್ಟೆ ಕಳಿಸಿದ್ದೇನೆ, ಬಲತೋಳಕ್ಕನ ಕೋಟಿನ ಚೂರಿನದು, ಆಕೆಯೇ ಕೊಟ್ಟದ್ದು. ನಿನ್ನ ತಟ್ಟೆಯನ್ನು ಬಿಸಿಯಾಗಿಡಲು ಅವರಿಗೆ ಹೇಳು. ಮಂಡಿಗೆ ಎಣ್ಣೆ ಹಚ್ಚಿಕೋ. ಕತ್ತಲಲ್ಲಿ ಕಪ್ಪು ಬಟ್ಟೆ ಹೊಲಿಯಬೇಡ. ಕಾಲರ್, ಅವಳ ಮಗಳು, ಬಲತೋಳಕ್ಕ, ಎಲ್ಲರೂ ನಿನ್ನನ್ನು ಕೇಳಿದರೆಂದು ತಿಳಿ. ಅಮ್ಮ ಬೇರೆ ಏನನ್ನೂ ಬರೆಯಲು ಹೇಳಲಿಲ್ಲ, ಪತ್ರ ಮುಗಿಯಿತಾ ಎಂದು ಮಾತ್ರ ಕೇಳುತ್ತಿದ್ದಾಳೆ.

ನಿಂತುಕೊಂಡೇ, ಆದರೆ ಸ್ವಲ್ಪ ತಲೆ ಬಾಗಿಸಿ,
ನಿನ್ನ ಪುಟ್ಟಿ

ಮರೆತೆ, ಲಕೋಟೆ ಅಂಟಿಸುವ ಹೊತ್ತಾಯಿತು: ಮಹಡಿಯಮ್ಮ ನಿನ್ನೆ ಕೀಲಿ ಕೇಳಲು ಇಳಿದು ಬಂದಿದ್ದರು, ಈ ಕೋಣೆಯ ಬಾಡಿಗೆಗೆ ಬೇರೆ ಯಾರೋ ಗೊತ್ತಾಗಿದ್ದಾರಂತೆ. "ಅಪ್ಪ ಬರ್ತಿದಾರೆ, ಕೀಲಿ ಕೊಡೋದಿಲ್ಲ" ಎಂದುಬಿಟ್ಟೆ. ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಎಲ್ಲರಿಗೂ ಗೊತ್ತು, ನಾನು ಸುಳ್ಳು ಹೇಳುವವಳಲ್ಲ. ಅವರು ನಂಬಿ ಮೇಲೆ ಹೋದರು, ಬಂದವರನ್ನು ವಾಪಸು ಕಳಿಸಿದರು. ಅಮ್ಮ ಬಾಗಿಲ ಹಿಂದೆ ನಿಂತಿದ್ದಳಂತೆ, ಅವಳೂ ನಂಬಿದ್ದಾಳೆ. ಬೆಳಿಗ್ಗೆ ಪೆಟ್ಟಿಗೆಯಿಂದ ಬಟ್ಟೆಗಳನ್ನೆಲ್ಲ ತೆಗೆದು ಬಿಸಿಲಿಗೆ ಹಾಕಿದಳು. ಅಪ್ಪಾ, ಹಡಗಿನವರ ಆ ಕಾಗದಕ್ಕೆ ಸಹಿ ಹಾಕಬೇಡ.