ಮೊದಲ ಶುಕ್ರವಾರದ ಗೇಟು

ಗ್ದಾನ್ಸ್ಕ್, ಸೋಮವಾರ

ಮ್ಯಾನೇಜರ್ ಕ್ರಿಶ್ಟೋಫ್ ಅವರಿಗೆ,

ಯೇಸುವಿಗೆ ಸ್ತುತಿಯಾಗಲಿ. ಮೂರನೆಯ ಬ್ಲಾಕಿನ ಹಲೀನಾ ಬರೆಯುತ್ತಿದ್ದೇನೆ. ಹಡಗುಕಟ್ಟೆ ಒಡೆದು ನಿಮ್ಮವರು ಗಾಜಿನ ಮನೆಗಳನ್ನು ಕಟ್ಟಿದರು, ನಮ್ಮ ಹಳೆಯ ವಠಾರದ ಬದಲಿಗೆ ನಮಗೂ ಒಂದು ಮನೆ ಕೊಟ್ಟರು. ಅದಕ್ಕೆ ನನ್ನ ತಕರಾರಿಲ್ಲ. ತಕರಾರು ಗೇಟಿನದು.

ಪ್ರತಿ ತಿಂಗಳ ಮೊದಲ ಶುಕ್ರವಾರ ಫಾದರ್ ವಿತೋಲ್ಡ್ ಹಾಸಿಗೆ ಹಿಡಿದ ನನ್ನ ಅಮ್ಮನಿಗೆ ಪ್ರಭುವಿನ ದೇಹವೇ ಆದ ಪರಮಪ್ರಸಾದದ ರೊಟ್ಟಿ ತರುತ್ತಾರೆ. ಅದನ್ನು ಎದೆಗವಚಿಕೊಂಡು ಬರುವಾಗ ಗುರುಗಳು ದಾರಿಯಲ್ಲಿ ಯಾರೊಡನೆಯೂ ಮಾತಾಡುವುದಿಲ್ಲ. ಇದು ಊರಿಗೆಲ್ಲ ಗೊತ್ತು, ನಿಮ್ಮ ಹೊಸ ಕಾವಲುಗಾರನಿಗೆ ಗೊತ್ತಿಲ್ಲ. ಕಳೆದ ಶುಕ್ರವಾರ ಅವನು "ಯಾರ ಮನೆಗೆ ಸ್ವಾಮಿ? ಮಾತಾಡಿದ್ರೆ ಮುತ್ತು ಉದುರುತ್ತಾ?" ಎಂದು ಕೇಳಿ, ಉತ್ತರ ಬರಲಿಲ್ಲವೆಂದು ವಾಪಸು ಕಳಿಸಿದ. ನಾನು ಹೋಗಿ ಕೇಳಿದರೆ, "ಹೆಸರು ಹೇಳದೋರನ್ನ ಬಿಡಬಾರದು ಅಂತ ಆರ್ಡರ್ ಅಮ್ಮಾ" ಎಂದ.

ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಮೇಣದಬತ್ತಿ ಉರಿದು ಮುಗಿಯುವವರೆಗೆ ಅಮ್ಮ ಏನೂ ತಿನ್ನದೆ ಕಾದಳು. "ಹಲಿಂಕಾ, ಮೂವತ್ತು ವರ್ಷ ಇದೇ ಗೇಟಲ್ಲಿ ಹಡಗುಕಟ್ಟೆಯ ಕ್ಯಾಂಟೀನ್ ಕೆಲಸಕ್ಕೆ ಬಂದೆ, ಒಂದಿನಾನೂ ಯಾರೂ ತಡೀಲಿಲ್ಲ ಕಣೇ" ಎಂದಳು. ಮುಂದಿನ ತಿಂಗಳವರೆಗೆ ಅವಳು ಉಳಿಯುವುದು ಅನುಮಾನ ಎಂದು ಡಾಕ್ಟರು ಹೇಳಿದ್ದಾರೆ.

ಹಾಗಾಗಿ ಗುರುಗಳು ನಾಳೆ ಬೆಳಿಗ್ಗೆ ಒಂಬತ್ತಕ್ಕೇ ಬರುತ್ತಾರೆ. ಗೇಟಿನಲ್ಲಿ ನಾನು ನಿಂತಿರುತ್ತೇನೆ, ಕೇಳುವುದನ್ನು ನನ್ನನ್ನು ಕೇಳಲಿ. ಹೊರಗಿನಿಂದ ಬರುವವರಿಗಾಗಿ ನೀವು ಇಟ್ಟಿರುವ ಫಾರ್ಮು ತುಂಬಿ ಇದರ ಜೊತೆಗಿಟ್ಟಿದ್ದೇನೆ. ಬರುವವರು ಎಷ್ಟು ಜನ ಎಂಬಲ್ಲಿ ಇಬ್ಬರು ಎಂದು ಬರೆದಿದ್ದೇನೆ. ಕಾವಲುಗಾರನ ಕಣ್ಣಿಗೆ ಗುರುಗಳೊಬ್ಬರೇ ಕಂಡಾರು. ಅವರ ಎದೆಯ ಮೇಲಿರುವುದು ಪ್ರಭು ಯೇಸು.

ಹಲೀನಾ